ಮಕ್ಕಳು ಬರದ ಕ್ರಿಸ್‌ಮಸ್‌ಗೆ ಕುಸ್ವಾರ್ ಯಾರಿಗೆ ಮಾಡಲಿ?

ಪ್ರಶ್ನೆ: ನನಗೆ 62 ವರ್ಷ. ಕಾಸರಗೋಡು ಜಿಲ್ಲೆಯ ಬೇಳದ ಹತ್ತಿರ ಮನೆ, ಸ್ವಲ್ಪ ಅಡಿಕೆ ತೋಟ. ನಮ್ಮವರು ತೀರಿಕೊಂಡ ಮೇಲೆ ಇದು ಎರಡನೇ ಕ್ರಿಸ್‌ಮಸ್. ಹೋದ ವರ್ಷ ಮರಣದ ಮನೆ ಅಂತ ಕ್ರಿಸ್‌ಮಸ್ ತಿಂಡಿ, ಅಂದರೆ ಕುಸ್ವಾರ್, ಮಾಡಿರಲಿಲ್ಲ. ಆದರೆ ಮಕ್ಕಳಿಬ್ಬರೂ ಬಂದಿದ್ದರು, ಮನೆ ತುಂಬ ಜನ ಇದ್ದರು. ಈ ಸಲ ಮಗನಿಗೆ ಕುವೈತಿನಲ್ಲಿ ರಜೆ ಸಿಗಲಿಲ್ಲ. ಮಗಳು ಐರ್ಲೆಂಡಿನಲ್ಲಿ ನರ್ಸ್, 25ಕ್ಕೆ ಅವಳಿಗೆ ಡ್ಯೂಟಿ. ನನಗೆ ಜನ ಇಲ್ಲ ಅಂತಲ್ಲ. ಮೈದುನನ ಮನೆ ಪಕ್ಕದಲ್ಲೇ ಇದೆ, "ಅತ್ತಿಗೆ, ಆ ದಿನ ನಮ್ಮಲ್ಲೇ ಊಟ" ಅಂದಿದ್ದಾರೆ. ಹಗಲು ತೋಟದ ಕೆಲಸ ಇದೆ, ಊಟ ಸೇರುತ್ತದೆ. ಆದರೂ ನವೆಂಬರ್ ಮುಗಿಯುತ್ತಿದ್ದ ಹಾಗೆ ಎದೆ ಭಾರ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆ ಇಲ್ಲ. ಮಗ ಫೋನ್ ಮಾಡಿದರೆ "ನನಗೇನೂ ತೊಂದರೆ ಇಲ್ಲ ಪುತಾ" ಅನ್ನುತ್ತೇನೆ. ಫೋನ್ ಇಟ್ಟ ಮೇಲೆ ಅಳು. ದೇವರ ಮೇಲಿನ ವಿಶ್ವಾಸ ಕಡಿಮೆ ಆಯ್ತಾ ಅಂತ ಭಯ. ಒಂಟಿತನ ಅಂದರೆ ದಿನಕ್ಕೆ 15 ಸಿಗರೇಟ್ ಸೇದಿದ ಹಾಗೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನೆರೆಯವರೊಬ್ಬರು ತಮ್ಮ ನಿದ್ರೆ ಮಾತ್ರೆ ಅರ್ಧ ತಗೊಳ್ಳಿ ಅಂದರು. ಈ ವರ್ಷ ಹಬ್ಬವೇ ಬೇಡ ಅಂತ ಬಿಟ್ಟುಬಿಡಲೇ? ಕುಸ್ವಾರ್ ಮಾಡಿದರೂ ತಿನ್ನುವವರು ಯಾರು?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಮಾತು ಮುಖ್ಯ. "ನನಗೆ ಜನ ಇಲ್ಲ ಅಂತಲ್ಲ." ಸುತ್ತ ಜನ ಇದ್ದೂ ಯಾಕೆ ಹೀಗೆ ಅನ್ನೋದೇ ನಿಮ್ಮ ನಿಜವಾದ ಪ್ರಶ್ನೆ. ಉಳಿದ ಭಯಗಳೆಲ್ಲ ಅದಕ್ಕೆ ಉತ್ತರ ಸಿಗದೆ ಹುಟ್ಟಿಕೊಂಡವು.

ನಾನು ಆಪ್ತಸಮಾಲೋಚಕ. ತಲಪಾಡಿ ಗಡಿಯ ಈಚೆಯವರೂ ಆಚೆಯವರೂ ನನ್ನ ಹತ್ತಿರ ಬರುತ್ತಾರೆ. ಡಿಸೆಂಬರ್ ಬಂತೆಂದರೆ ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತೇನೆ. ಮನೆಗೊಬ್ಬರು ಗಲ್ಫಿನಲ್ಲಿರುವ ಜಿಲ್ಲೆ ಇದು. ಪೆರ್ನಾಲಿನ ಹೊತ್ತಿಗೆ ಮುಸ್ಲಿಂ ತಾಯಂದಿರು, ದೀಪಾವಳಿ ಹೊತ್ತಿಗೆ ಹಿಂದೂ ತಾಯಂದಿರು ಹೇಳುವುದೂ ಇದನ್ನೇ. ಹಾಗಾಗಿ ನಿಮಗೆ ಮಾತ್ರ ಹೀಗಾಗಿದೆ ಅಂದುಕೊಳ್ಳಬೇಡಿ.

ಮೊದಲು ಆ ಸಿಗರೇಟಿನ ಕಥೆ ಮುಗಿಸೋಣ. ಅದು ಪೂರ್ತಿ ಸುಳ್ಳಲ್ಲ, ಆದರೆ ನಿಮಗೆ ಬಂದ ರೂಪದಲ್ಲಿ ಸರಿಯೂ ಅಲ್ಲ. 2010ರಲ್ಲಿ ಅಮೆರಿಕದ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಜೊತೆಗಾರರು 148 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಅದು, ಸರಾಸರಿ ಏಳೂವರೆ ವರ್ಷ ಗಮನಿಸಿದ್ದು. ಜನರ ಜೊತೆ ಗಟ್ಟಿ ಸಂಬಂಧ ಇದ್ದವರು ಹೆಚ್ಚು ಕಾಲ ಬದುಕಿದ್ದರು, ಸಂಬಂಧ ಇಲ್ಲದವರಿಗೆ ಅಪಾಯ ಹೆಚ್ಚಿತ್ತು. ಆ ಅಪಾಯ ಎಷ್ಟು ಅಂತ ತಿಳಿಸಲು ಸಿಗರೇಟಿನ ಹೋಲಿಕೆ ಬಂತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಎಚ್ಚರಿಕೆಯ ವರದಿ ಹೊರಡಿಸಿದಾಗ ಅದು ಜಗತ್ತಿಗೆಲ್ಲ ಹರಡಿತು. (ಅವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಹಾಗಾಗಿ ನಮ್ಮ ಕನ್ನಡ ಗ್ರೂಪುಗಳಲ್ಲಿ ಸ್ವಲ್ಪ ಜಾಸ್ತಿಯೇ ಓಡಾಡಿತು.) ಅದು ವರ್ಷಗಟ್ಟಲೆ ಯಾರ ನಂಟೂ ಇಲ್ಲದೆ ಬದುಕುವವರ ಮಾತು. ಒಂದು ಡಿಸೆಂಬರಿನಲ್ಲಿ ಮಕ್ಕಳನ್ನು ನೆನೆದು ಅತ್ತರೆ ಹೃದಯ ಕೆಡುತ್ತದೆ ಅಂತ ಯಾರೂ ಹೇಳಿಲ್ಲ. ಮೈದುನನ ಮನೆ, ತೋಟ, ಚರ್ಚ್ ಎಲ್ಲ ಇರುವ ನೀವು ಆ ಲೆಕ್ಕದಲ್ಲಿ ಬರುವವರೂ ಅಲ್ಲ.

ಹಬ್ಬದ ದಿನಗಳಲ್ಲಿ ಆತ್ಮಹತ್ಯೆ ಹೆಚ್ಚು ಅನ್ನುವ ಇನ್ನೊಂದು ಮಾತಿದೆ. ನಿಮ್ಮ ಮಗಳು ಎಲ್ಲಾದರೂ ಓದಿ ಗಾಬರಿಯಾಗಬಹುದು, ಅದಕ್ಕೇ ಹೇಳುತ್ತಿದ್ದೇನೆ. ಈ ಮಾತು ಜಾಸ್ತಿ ಕೇಳಿಬರುವ ಅಮೆರಿಕದಲ್ಲೇ ಡಿಸೆಂಬರ್ ಸಾಮಾನ್ಯವಾಗಿ ಆತ್ಮಹತ್ಯೆ ಕಡಿಮೆ ಇರುವ ತಿಂಗಳುಗಳಲ್ಲಿ ಒಂದು.

ವಿಶ್ವಾಸದ ಬಗ್ಗೆ ಕೇಳಿದ್ದೀರಿ. ನಾನು ಪಾದ್ರಿ ಅಲ್ಲ, ಆದರೆ ಲಾಜರನ ಸಮಾಧಿಯ ಹತ್ತಿರ ಯೇಸುವೇ ಅತ್ತರು ಅಂತ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯದಲ್ಲಿದೆಯಲ್ವಾ? ಅಳು ಬಂದರೆ ವಿಶ್ವಾಸ ಹೋಯಿತು ಅಂತ ಅರ್ಥವಲ್ಲ. ನಿಮ್ಮ ಚರ್ಚಿನ ಗುರುಗಳನ್ನು ಕೇಳಿದರೂ ಬೇರೆ ಹೇಳಲಿಕ್ಕಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ಒಂಟಿತನದಲ್ಲಿ ಎರಡು ಬಗೆ ಅಂತ ರಾಬರ್ಟ್ ವೈಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಬರೆದರು. ಒಂದು, ಸುತ್ತ ಬಳಗ ಇಲ್ಲದ ಒಂಟಿತನ. ಹೊಸ ಊರಿಗೆ ಹೋದವರಿಗೆ ಆಗುವುದು ಇದು. ಇನ್ನೊಂದು, ಬಳಗ ಎಲ್ಲ ಇದ್ದೂ ಆ ಒಬ್ಬರು ಇಲ್ಲದ ಒಂಟಿತನ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ ಅಂತ ಅವರು ಹೇಳಿದರು. ನನ್ನ ಕೆಲಸದಲ್ಲಿ ಇದು ನಿಜ ಅಂತ ದಿನಾ ಕಾಣುತ್ತದೆ. "ನಾಲ್ಕು ಜನರ ಜೊತೆ ಬೆರೆಯಿರಿ, ಸರಿಯಾಗುತ್ತದೆ" ಅನ್ನುವುದು ಮೊದಲ ಬಗೆಗೆ ಒಳ್ಳೆಯ ಸಲಹೆ. ನಿಮಗಿರುವುದು ಎರಡನೆಯದು. ಅದಕ್ಕೇ ಮೈದುನ ಊಟಕ್ಕೆ ಕರೆದರೂ ನಿಮ್ಮ ಎದೆಯ ಭಾರ ಇಳಿಯದೆ ಇರುವುದು. ಅವರು ಕರೆದದ್ದೂ ತಪ್ಪಲ್ಲ, ನಿಮಗೆ ಅಳು ಬಂದದ್ದೂ ತಪ್ಪಲ್ಲ.

ಇದರ ಜೊತೆಗೆ ನನ್ನ ಅನುಭವದ ಒಂದು ಮಾತು ಸೇರಿಸುತ್ತೇನೆ. ಹಬ್ಬಕ್ಕೆ ಕಳೆದುಹೋಗುವುದು ಬರೀ ಜನ ಅಲ್ಲ, ಕೈಗಿದ್ದ ಕೆಲಸವೂ ಹೌದು. ಡಿಸೆಂಬರಿನಲ್ಲಿ ನಿಮ್ಮ ಮನೆ ಹೇಗಿತ್ತು ಅಂತ ನೆನಪಿಸಿಕೊಳ್ಳಿ. ನೆವ್ರ್ಯೊದ (ಕರ್ಜಿಕಾಯಿ) ಹೂರಣಕ್ಕೆ ಎಳ್ಳು ಹುರಿಯಬೇಕು, ಕೊಬ್ಬರಿ ತುರಿಯಬೇಕು. ಕಿಡಿಯೊ ಮಾಡಲು ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಒತ್ತಿ ಸುರುಳಿ ಸುತ್ತಬೇಕು. ಅದೂ ಒಂದೆರಡಲ್ಲ, ಡಬ್ಬಿ ತುಂಬುವಷ್ಟು. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಗೋದಲಿಗೆ ಅಂತ ತಟ್ಟೆಯಲ್ಲಿ ರಾಗಿ ಇಲ್ಲವೇ ಭತ್ತ ಮೊಳಕೆ ಹಾಕಿ, ದಿನಾ ನೀರು ಚಿಮುಕಿಸಿ, 24ಕ್ಕೆ ಸರಿಯಾಗಿ ಹಸಿರು ಗದ್ದೆ ಬರುವ ಹಾಗೆ ನೋಡಿಕೊಳ್ಳಬೇಕು. ಇಷ್ಟೂ ಕೆಲಸ ಯಾರಿಗೋ ಬೇಕು ಅಂತ ಮಾಡಿದ್ದು. "ತಿನ್ನುವವರು ಯಾರು" ಅಂತ ನೀವು ಕೇಳಿದ್ದರಲ್ಲಿ ತಿಂಡಿಯ ಚಿಂತೆ ಕಡಿಮೆ. ನಾನು ಯಾರಿಗೆ ಬೇಕು ಅನ್ನೋದೇ ಜಾಸ್ತಿ ಅಂತ ನನಗನ್ನಿಸಿತು.

ಎರಡನೇ ವರ್ಷವೇ ಯಾಕೆ ಹೆಚ್ಚು ಕಷ್ಟ ಅಂತಲೂ ನೀವು ಯೋಚಿಸಿರಬಹುದು. ಎಷ್ಟೋ ಮಂದಿಗೆ ಹೀಗೆಯೇ ಆಗುತ್ತದೆ. ಮೊದಲ ವರ್ಷ ಎಲ್ಲರೂ ಬಂದು ಆತುಕೊಳ್ಳುತ್ತಾರೆ. ವರ್ಷಾಂತಿಕದ ಪೂಜೆ ಮುಗಿದ ಮೇಲೆ ಊರಿನ ಲೆಕ್ಕದಲ್ಲಿ ದುಃಖವೂ ಮುಗಿಯಿತು. ನಿಮ್ಮ ಲೆಕ್ಕದಲ್ಲಿ ಈಗ ಶುರು. ಎಣ್ಣೆಯಲ್ಲಿ ಕರಿಯುವ ವಾಸನೆ, ಪಕ್ಕದ ಮನೆಯ ನಕ್ಷತ್ರದ ಬೆಳಕು, ಚರ್ಚಿನಲ್ಲಿ ಕ್ಯಾರಲ್ ಅಭ್ಯಾಸ, ಇವೆಲ್ಲ ನಿಮ್ಮನ್ನು ಕೇಳದೆಯೇ ಹಳೆಯದನ್ನು ಎಳೆದು ತರುತ್ತವೆ.

ಇನ್ನೊಂದು ವಿಷಯ. ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಜಾನ್ ಕಾಸಿಯೊಪ್ಪೊ ಒಂಟಿತನವನ್ನು ಹಸಿವೆಗೆ ಹೋಲಿಸುತ್ತಿದ್ದರು. ಊಟ ಬೇಕು ಅಂತ ಹೊಟ್ಟೆ ಹೇಳುವ ಹಾಗೆ, ಜನ ಬೇಕು ಅಂತ ದೇಹ ಹೇಳುವುದು ಇದು. ಆದರೆ ಅವರೇ ತೋರಿಸಿಕೊಟ್ಟ ತೊಡಕೂ ಒಂದಿದೆ. ಒಂಟಿತನ ಉದ್ದಕ್ಕೆ ಎಳೆದರೆ ಮನಸ್ಸಿಗೆ ಸಂಶಯ ಜಾಸ್ತಿಯಾಗುತ್ತದೆ. "ಬಾಯಿಮಾತಿಗೆ ಕರೆದರು." "ಮಗನಿಗೆ ರಜೆ ಕೇಳುವ ಮನಸ್ಸೇ ಇರಲಿಲ್ಲ." ಇಂಥ ಯೋಚನೆ ಬೆಳಗಿನ ಜಾವ ಮೂರು ಗಂಟೆಗೆ ತುಂಬಾ ನಿಜ ಅನ್ನಿಸುತ್ತದೆ. ಒಂಟಿತನಕ್ಕೆ ಏನು ಮಾಡಿದರೆ ಪ್ರಯೋಜನ ಅಂತ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2011ರ ಒಂದು ವಿಮರ್ಶೆಯಲ್ಲಿ, ಬರೀ ಜನ ಸೇರಿಸುವುದಕ್ಕಿಂತ ಈ ಯೋಚನೆಗಳನ್ನು ಸರಿಮಾಡುವುದೇ ಹೆಚ್ಚು ಉಪಯೋಗಕ್ಕೆ ಬಂದಿತ್ತು. ಮೂರು ಗಂಟೆಗೆ ಬಂದ ತೀರ್ಮಾನವನ್ನು ಬೆಳಿಗ್ಗೆ ಚಾ ಕುಡಿದ ಮೇಲೆ ಇನ್ನೊಮ್ಮೆ ನೋಡಿ. ಅಲ್ಲಿಯವರೆಗೆ ಯಾರಿಗೂ ಮೆಸೇಜ್ ಹಾಕಬೇಡಿ.

ಸರಿ, ಏನು ಮಾಡಬಹುದು?

ಹಬ್ಬವೇ ಬೇಡ ಅಂತ ಬಿಡಬಹುದು. ಪಾಪವೇನೂ ಅಲ್ಲ. ಆದರೆ ನೀವು ಬಿಟ್ಟರೂ 25 ಬರುತ್ತದೆ. ಚರ್ಚಿನ ಗಂಟೆ ಕೇಳಿಸುತ್ತದೆ, ಪಟಾಕಿ ಹೊಡೆಯುತ್ತಾರೆ, ಯಾರಾದರೂ ಕುಸ್ವಾರಿನ ತಟ್ಟೆ ಹಿಡಿದು ಅಂಗಳಕ್ಕೆ ಬರುತ್ತಾರೆ. ಬಾಗಿಲು ಹಾಕಿಕೊಂಡು ಕೂತ ದಿನ ಎಲ್ಲಕ್ಕಿಂತ ಉದ್ದದ ದಿನ ಆಗುತ್ತದೆ. ಬಿಡುವುದಾದರೆ ಆ ಹೊತ್ತಿಗೆ ಬೇರೆ ಏನು ಮಾಡುತ್ತೀರಿ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಹಳೆಯ ಹಾಗೆಯೇ ಪೂರ್ತಿ ಮಾಡಿ ತೋರಿಸುತ್ತೇನೆ ಅಂತ ಹಟ ಹಿಡಿಯುವವರೂ ಇದ್ದಾರೆ. ಏಳು ಬಗೆ ಕುಸ್ವಾರ್, ಹಂದಿ ಮಾಂಸ, ಸನ್ನಾ, ದೊಡ್ಡ ಗೋದಲಿ. 24ರವರೆಗೆ ಇವರು ಚೆನ್ನಾಗಿಯೇ ಇರುತ್ತಾರೆ. 25ರ ಸಂಜೆ ಕುಸಿದುಬೀಳುತ್ತಾರೆ. ಒಂದೊಂದು ಪಾತ್ರೆಯೂ ಹೋದ ವರ್ಷಗಳ ಜೊತೆ ಹೋಲಿಕೆ ಮಾಡಿಸುತ್ತದೆ. ನಿಮಗೆ ಇದನ್ನು ನಾನು ಹೇಳುವುದಿಲ್ಲ.

ಕುವೈತಿಗೆ ನಾನೇ ಹೋಗಲೇ ಅಂತಲೂ ಕೆಲವು ತಾಯಂದಿರು ಕೇಳುತ್ತಾರೆ. ಹೋಗಬಹುದು, ಆದರೆ ಆ ದಿನಕ್ಕೆ ಅಂತ ಬೇಡ. ಕುವೈತಿನಲ್ಲಿ ಡಿಸೆಂಬರ್ 25 ಸರ್ಕಾರಿ ರಜೆ ಅಲ್ಲ. ಮಗ ಕೆಲಸಕ್ಕೆ ಹೋದರೆ ನೀವು ಪರದೇಶದ ಫ್ಲ್ಯಾಟಿನಲ್ಲಿ ಒಬ್ಬರೇ. ಇಲ್ಲಾದರೆ ಅಂಗಳವಾದರೂ ಇದೆ.

ನನ್ನ ಸಲಹೆ ಹಬ್ಬದ ಅಳತೆ ಕಡಿಮೆ ಮಾಡುವುದು. ಎರಡೇ ಬಗೆ ಕುಸ್ವಾರ್ ಮಾಡಿ. ಒಬ್ಬರೇ ಮಾಡಬೇಡಿ. ಮೈದುನನ ಮನೆಯ ಮಕ್ಕಳನ್ನು ಕರೆಯಿರಿ, "ಕಿಡಿಯೊ ಒತ್ತಲು ಜನ ಬೇಕು" ಅಂತ ಹೇಳಿ. ಊಟಕ್ಕೆ ಕರೆಸಿಕೊಳ್ಳುವುದಕ್ಕಿಂತ ಕೆಲಸಕ್ಕೆ ಕರೆಯುವುದು ಸುಲಭ. ಕೈ ಹಿಟ್ಟಿನಲ್ಲಿದ್ದಾಗ ಮಾತೂ ಸಲೀಸಾಗಿ ಬರುತ್ತದೆ. ನಡುವೆ ಅಳು ಬಂದರೆ ಬರಲಿ, ಮಕ್ಕಳು ಹೆದರುವುದಿಲ್ಲ. "ದೊಡ್ಡಪ್ಪನ ನೆನಪಾಯಿತು" ಅಂತ ಹೇಳಿದರೆ ಸಾಕು. ಮಾಡಿದ್ದು ಯಾರಿಗೆ ಅಂತೀರಾ? ನಿಮ್ಮ ಸುತ್ತ ಹಿಂದೂ ಮನೆಗಳಿವೆ, ಮುಸ್ಲಿಂ ಮನೆಗಳಿವೆ. ಹೋದ ವರ್ಷ ನಿಮ್ಮಿಂದ ತಟ್ಟೆ ಹೋಗಲಿಲ್ಲ. ಈ ಸಲ ಅವರು ಕಾಯುತ್ತಿರಬಹುದು, ಕೇಳಲು ಸಂಕೋಚಪಡುತ್ತಿರಬಹುದು.

ಮೈದುನನ ಮನೆಗೆ ಹೋಗಿ, ಆದರೆ ಇಡೀ ದಿನಕ್ಕೆ ಅಲ್ಲ. "ಒಂದು ಗಂಟೆಗೆ ಬರುತ್ತೇನೆ, ಮೂರಕ್ಕೆ ಮನೆಗೆ ಹೋಗಿ ಸ್ವಲ್ಪ ಮಲಗುತ್ತೇನೆ, ಸಂಜೆ ಯಾರಾದರೂ ಈ ಕಡೆ ಬನ್ನಿ" ಅಂತ ಮೊದಲೇ ಹೇಳಿ. ಹೊರಡುವ ಹೊತ್ತು ಗೊತ್ತಿದ್ದರೆ ಕೂರುವುದು ಹಗುರ. ಹೇಳದೆ ನಡುವೆ ಎದ್ದು ಬಂದರೆ ಅವರಿಗೆ ಬೇಜಾರಾಗುತ್ತದೆ, ಆಮೇಲೆ ನಿಮಗೂ.

ದಿನಕ್ಕಿಂತ ಗಂಟೆಗಳ ಲೆಕ್ಕ ಹಾಕಿ ಅಂತ ನಾನು ಹೇಳುವುದು ಇದಕ್ಕೇ. ಹಬ್ಬ ಪೂರ್ತಿ ಕಷ್ಟ ಇರುವುದಿಲ್ಲ. ಒಂದೆರಡು ಹೊತ್ತು ಮಾತ್ರ ತುಂಬಾ ಕಷ್ಟ. ನಿಮ್ಮಂಥವರು ನನ್ನ ಹತ್ತಿರ ಮತ್ತೆ ಮತ್ತೆ ಹೇಳುವುದು 24ರ ರಾತ್ರಿಯದ್ದು. ಪೂಜೆ ಮುಗಿಯಿತು, ಎಲ್ಲರ ಕೈ ಕುಲುಕಿದ್ದಾಯಿತು, ಕೇಕು ತಿಂದದ್ದಾಯಿತು, ರಿಕ್ಷಾ ಅಂಗಳದಲ್ಲಿ ಬಿಟ್ಟು ಹೋಯಿತು. ಕತ್ತಲೆ ಮನೆಯ ಮುಂದೆ ಬ್ಯಾಗಿನಲ್ಲಿ ಕೀಲಿಕೈ ಹುಡುಕುತ್ತಾ ನಿಂತ ಆ ಎರಡು ನಿಮಿಷ. ಅದಕ್ಕೆ ಮೊದಲೇ ವ್ಯವಸ್ಥೆ ಮಾಡಬಹುದು. ಜಗಲಿಯ ಲೈಟ್ ಹಾಕಿಯೇ ಹೋಗಿ. ಮೈದುನನ ಮಗಳೋ ಸೊಸೆಯೋ ಆ ರಾತ್ರಿ ನಿಮ್ಮಲ್ಲೇ ಮಲಗಲಿ. ಅದೂ ಆಗದಿದ್ದರೆ ಬಾಗಿಲು ತೆಗೆಯುವ ಹೊತ್ತಿಗೆ ಮಗ ಫೋನಿನಲ್ಲಿರಲಿ. ನಿಮ್ಮ ರಾತ್ರಿ ಹತ್ತು ಕುವೈತಿನ ಸಂಜೆ ಏಳೂವರೆ, ಕೆಲಸದಿಂದ ಬಂದಿರುತ್ತಾನೆ.

ಮಗಳ ಲೆಕ್ಕ ಬೇರೆ. ಚಳಿಗಾಲದಲ್ಲಿ ಐರ್ಲೆಂಡ್ ನಮಗಿಂತ ಐದೂವರೆ ಗಂಟೆ ಹಿಂದೆ. ಅವಳು ಡ್ಯೂಟಿಗೆ ಹೊರಡುವ ಮೊದಲು ಬೆಳಿಗ್ಗೆ ಆರೂವರೆಗೆ ಕರೆ ಮಾಡಿದರೆ ನಿಮಗೆ ಮಧ್ಯಾಹ್ನ ಹನ್ನೆರಡು. ಮೈದುನನ ಮನೆಗೆ ಹೊರಡುವ ಮೊದಲೇ ಮಾತಾಡಿ ಮುಗಿಯುತ್ತದೆ. ಹೊತ್ತು ಗೊತ್ತುಮಾಡಿಕೊಳ್ಳದಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬೆಳಿಗ್ಗೆಯಿಂದ ಫೋನ್ ಕೈಯಲ್ಲಿ ಹಿಡಿದುಕೊಂಡು, ಯಾರದ್ದೋ ಶುಭಾಶಯದ ಟಿಣ್ ಶಬ್ದಕ್ಕೆಲ್ಲ ಎದ್ದು ನೋಡುವುದು.

ವಿಡಿಯೋ ಕಾಲಿನ ಬಗ್ಗೆ ಒಂದು ಮಾತು. "ಊಟ ಆಯ್ತಾ, ಮಳೆ ಇದೆಯಾ, ಸರಿ ಇಡ್ತೇನೆ" ಅಂತ ನಾಲ್ಕು ನಿಮಿಷದಲ್ಲಿ ಮುಗಿಯುವ ಕರೆಯಿಂದ ಇಬ್ಬರಿಗೂ ತೃಪ್ತಿ ಇಲ್ಲ. ಡಿಸೆಂಬರಿನಲ್ಲಿ ಮಗಳಿಗೆ ರಜೆ ಇರುವ ಒಂದು ದಿನ ಇಬ್ಬರೂ ಒಟ್ಟಿಗೆ ನೆವ್ರ್ಯೊ ಮಾಡಿ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿ. ಅವಳು ಅಲ್ಲಿ ಹಿಟ್ಟು ಕಲಸಲಿ, "ಮಮ್ಮಿ, ಇಷ್ಟು ತೆಳು ಸಾಕಾ" ಅಂತ ಕೇಳಲಿ. ಮಾತಾಡಲೇಬೇಕು ಅಂತಿಲ್ಲ. ಅವಳೂ ಆ ಊರಿನಲ್ಲಿ ಒಂಟಿ ಅನ್ನೋದನ್ನು ಮರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತದೆ, ಮುದುಕರಿಗಿಂತ ಯುವಜನರಲ್ಲೇ ಅದು ಹೆಚ್ಚು. ಹಬ್ಬದ ದಿನ ವಾರ್ಡಿನಲ್ಲಿ ಹನ್ನೆರಡು ಗಂಟೆ ನಿಂತು ತಣ್ಣನೆಯ ರೂಮಿಗೆ ಹೋಗುವವಳಿಗೆ ತಾಯಿ ಬೇಕು. ನೀವು ಯಾರಿಗೆ ಬೇಕು ಅಂತ ಕೇಳಿದ್ದಿರಲ್ಲ.

ಮಗನ ಹತ್ತಿರ "ತೊಂದರೆ ಇಲ್ಲ" ಅನ್ನುವುದನ್ನು ನಿಲ್ಲಿಸಬೇಕು. ಇದು ಸ್ವಲ್ಪ ಕಷ್ಟದ ಕೆಲಸ. ನಮ್ಮ ಕಡೆಯ ತಾಯಂದಿರೆಲ್ಲ ಇದನ್ನೇ ಹೇಳುತ್ತಾರೆ. ಮಕ್ಕಳು ಅದನ್ನು ನಂಬಿದ ಹಾಗೆ ಮಾಡುತ್ತಾರೆ, ಅವರೂ ಅಲ್ಲಿಂದ "ನಾನೂ ಆರಾಮ" ಅನ್ನುತ್ತಾರೆ. ಎರಡೂ ಕಡೆ ಸುಳ್ಳು, ಎರಡೂ ಕಡೆ ಪ್ರೀತಿಯಿಂದಲೇ. ಹಾಗಂತ ಎಲ್ಲವನ್ನೂ ಒಮ್ಮೆಲೇ ಸುರಿದರೆ ಅವನು ಗಾಬರಿಯಾಗಿ "ಕೆಲಸ ಬಿಟ್ಟು ಬರಲೇ" ಅನ್ನಬಹುದು, ಇಲ್ಲವೇ ತಪ್ಪಿತಸ್ಥನ ಹಾಗೆ ಫೋನ್ ಮಾಡುವುದನ್ನೇ ಕಡಿಮೆ ಮಾಡಬಹುದು. ಆ ಅಪಾಯ ಇದೆ. ಅದಕ್ಕೆ ನಿಜವನ್ನೂ ಬೇಕಾದ್ದನ್ನೂ ಒಟ್ಟಿಗೆ ಹೇಳಿ. "ಪುತಾ, ಈ ಸಲ ನನಗೆ ಸ್ವಲ್ಪ ಕಷ್ಟ ಆಗ್ತಿದೆ. ನೀನು ಬರುವುದು ಬೇಡ. 24ಕ್ಕೆ ರಾತ್ರಿ ಹತ್ತಕ್ಕೆ ಫೋನ್ ಮಾಡು, ಡ್ಯಾಡಿಯ ಬಗ್ಗೆ ಮಾತಾಡುವ." ಹೀಗೆ ಹೇಳಿದರೆ ಅವನಿಗೂ ಮಾಡಲು ಒಂದು ಕೆಲಸ ಸಿಗುತ್ತದೆ.

ಅವನಿಗೆ ಜನವರಿಯಲ್ಲಿ ರಜೆ ಸಿಕ್ಕರೆ ಹಬ್ಬ ತಪ್ಪಿತು ಅಂದುಕೊಳ್ಳಬೇಡಿ. ಚರ್ಚಿನ ಲೆಕ್ಕದಲ್ಲೇ ಕ್ರಿಸ್‌ಮಸ್ ಕಾಲ 25ಕ್ಕೆ ಮುಗಿಯುವುದಿಲ್ಲ. ಮೂರು ರಾಯರ ಹಬ್ಬ ದಾಟಿ, ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ನಡೆಯುತ್ತದೆ. ಅಲ್ಲಿಯವರೆಗೆ ಗೋದಲಿ ಇರಲಿ. ಫೆಬ್ರವರಿಗೆ ಬಂದರೂ ಏನಂತೆ, ಹಂದಿ ಮಾಂಸ, ಸನ್ನಾಕ್ಕೆ ತಿಂಗಳ ನಿಯಮ ಇಲ್ಲವಲ್ಲ.

"ಬೇರೆಯವರ ಸೇವೆ ಮಾಡಿ, ನಿಮ್ಮ ದುಃಖ ಮರೆಯುತ್ತದೆ" ಅಂತ ಯಾರಾದರೂ ಹೇಳಬಹುದು. ಅರ್ಧ ನಿಜ. ಚರ್ಚಿನ ಸಂತ ವಿನ್ಸೆಂಟ್ ಪಾವ್ಲ್ ಸಭೆ ಇದೆ. ಕೇರಳದ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗುವ ಪಾಲಿಯೇಟಿವ್ ತಂಡಗಳಿವೆ, ಅವಕ್ಕೆ ಜನ ಯಾವಾಗಲೂ ಬೇಕು. ಆದರೆ ಗಂಡನ ಕಾಯಿಲೆ ನೋಡಿ ದಣಿದವರು ಮತ್ತೆ ರೋಗಿಯ ಮಂಚದ ಹತ್ತಿರ ಹೋದರೆ ಹಳೆಯದೆಲ್ಲ ಮೇಲೆದ್ದು ಬರಬಹುದು. ಅವಸರ ಬೇಡ. ಸದ್ಯಕ್ಕೆ ನಿಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರನ್ನು ಒಂದು ಮಾತು ಕೇಳಿ: ವಾಳೆಯಲ್ಲಿ ನಿಮ್ಮ ಹಾಗೆಯೇ ಒಬ್ಬರೇ ಇರುವವರು ಯಾರಿದ್ದಾರೆ ಅಂತ. ಖಂಡಿತ ಇರುತ್ತಾರೆ. 25ರ ಸಂಜೆ ನಾಲ್ಕಕ್ಕೆ ಅವರನ್ನು ಚಾಕ್ಕೆ ಕರೆಯಿರಿ. ಬರಲಿಲ್ಲ ಅಂದರೆ ಬೇಸರ ಬೇಡ, ಅವರಿಗೂ ನಿಮ್ಮದೇ ಕಷ್ಟ.

ನಿದ್ರೆ ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ: ಬೇಡ. ಹೀಗೆ ಕೈಯಿಂದ ಕೈಗೆ ಹೋಗುವುದು ಹೆಚ್ಚಾಗಿ ಆಲ್ಪ್ರಜೋಲಾಮ್ ಅಥವಾ ಕ್ಲೋನಾಜೆಪಾಮ್ ಜಾತಿಯ ಮಾತ್ರೆ. ಅರವತ್ತು ದಾಟಿದವರು ಇದನ್ನು ತಿಂದು ರಾತ್ರಿ ಬಚ್ಚಲಿಗೆ ಎದ್ದರೆ ತೂಕಡಿಕೆಯಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಇದೆ. ಕೆಲವೇ ವಾರಗಳಲ್ಲಿ ಅಭ್ಯಾಸವೂ ಆಗಿಬಿಡುತ್ತದೆ. ಹಬ್ಬದ ವೈನ್ ಜೊತೆ ಸೇರಿದರೆ ಇನ್ನೂ ಅಪಾಯ. ವೈದ್ಯರು ಪರೀಕ್ಷೆ ಮಾಡಿ ಸ್ವಲ್ಪ ದಿನಕ್ಕೆ ಕೊಟ್ಟರೆ ಅದು ಬೇರೆ ಮಾತು. ಹೇಗೂ ಹೋದಾಗ ಥೈರಾಯ್ಡ್, ಬಿ12 ಎರಡನ್ನೂ ನೋಡಿಸಿ. ಕಿವಿ ಮಂದವಾಗಿದೆಯಾ ಅಂತಲೂ ನೋಡಿಸಿ. ನಾಲ್ಕು ಜನ ಮಾತಾಡುವಾಗ ಸರಿಯಾಗಿ ಕೇಳಿಸದೆ ಸುಮ್ನೆ ಕೂತು, ಅದನ್ನೇ ಒಂಟಿತನ ಅಂದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪತ್ರ ನೋಡಿ ಕಾಯಿಲೆ ಹೇಳಲು ಬರುವುದಿಲ್ಲ. ಆದರೆ ತೋಟದ ಕೆಲಸ ನಡೆಯುತ್ತಿದೆ, ಊಟ ಸೇರುತ್ತಿದೆ, ಮಕ್ಕಳ ಬಗ್ಗೆ ಕಾಳಜಿ ಇದೆ. ನೀವು ಬರೆದಷ್ಟರಲ್ಲಿ ಇದು ದುಃಖ ಮತ್ತು ಒಂಟಿತನ, ಖಿನ್ನತೆಯ ಹಾಗೆ ಕಾಣುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಹೊತ್ತು ಮನಸ್ಸು ಮಂಕಾಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಊಟ ಬಿಟ್ಟರೆ, ಆಗ ಮನೋವೈದ್ಯರನ್ನು ನೋಡಬೇಕು. ಗಂಡ ಹೋಗಿ ವರ್ಷ ದಾಟಿದ ಮೇಲೂ ಅವರ ನೆನಪಿನಲ್ಲಿ ದಿನದ ಕೆಲಸವೇ ನಿಂತುಹೋದರೆ ಅದಕ್ಕೂ ಬೇರೆಯೇ ಚಿಕಿತ್ಸೆ ಇದೆ. "ನಾನಿದ್ದು ಏನು ಪ್ರಯೋಜನ, ಹೋಗಿಬಿಡುವ" ಅನ್ನುವ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ.

ಫೋನಿನಲ್ಲಿ ಮಾತಾಡಬೇಕಾದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. ಉಚಿತ, ಹಗಲು ರಾತ್ರಿ ಎರಡೂ ಹೊತ್ತು ಸಿಗುತ್ತದೆ. ಕೇರಳದ ದಿಶಾ ಸಹಾಯವಾಣಿ 1056. ಹಿರಿಯರಿಗೆ ಅಂತಲೇ ಇರುವ ಎಲ್ಡರ್‌ಲೈನ್ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ನಮ್ಮ ಗಡಿಯವರಿಗೆ ಇಲ್ಲೊಂದು ಸಣ್ಣ ತೊಡಕು. ಕಾಸರಗೋಡಿನಿಂದ ಮಾಡಿದ ಕರೆಗೆ ಆ ಕಡೆಯಿಂದ ಮಲಯಾಳಂ ಬರಬಹುದು. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳಂ ನಡೆಯುತ್ತದೆ, ಎದೆಯ ಮಾತು ಹೇಳುವಾಗ ನಡೆಯುವುದಿಲ್ಲ. ಫೋನ್ ಇಟ್ಟುಬಿಡಬೇಡಿ. ಮೊದಲ ಮಾತಿಗೇ "ಕನ್ನಡ ಮಾತಾಡುವವರು ಬೇಕು" ಅಂತ ಹೇಳಿ, ಬೇಕಾದರೆ ಎರಡು ಸಲ ಹೇಳಿ. ಆಸ್ಪತ್ರೆಗೆ ಹೋದಾಗಲೂ ಅಷ್ಟೇ, ಚೀಟಿ ಮಾಡಿಸುವಾಗಲೇ ಕನ್ನಡ ಬಲ್ಲ ಡಾಕ್ಟರು ಯಾವ ದಿನ ಇರುತ್ತಾರೆ ಅಂತ ಕೇಳಿಕೊಳ್ಳಿ.